ರಂಜಕ ಹೊಲದಲ್ಲೇ ಇದೆ, ಬೇರಿಗೆ ಎಟಕುತ್ತಿಲ್ಲ

ನವಲಗುಂದದ ಬಳಿ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಕುದುರೆಮಸಾಲೆ ಎಂಬ ದ್ವಿದಳ ಮೇವು ಬೆಳೆಯುವ ರೈತರೊಬ್ಬರು ಮೊನ್ನೆ ಕೇಳಿದರು: ‘ವರ್ಷವೂ ಡಿಎಪಿ ಗೊಬ್ಬರ ಹಾಕುತ್ತೇನೆ ಸರ್, ಮೇವು ಮಾತ್ರ ಏಳುವುದಿಲ್ಲ. ಹಾಕಿದ್ದೆಲ್ಲ ಎಲ್ಲಿಗೆ ಹೋಯಿತು?’

ಬಹುಪಾಲು ಎಲ್ಲಿಗೂ ಹೋಗಿಲ್ಲ. ಡಿಎಪಿಯ ರಂಜಕವನ್ನು ಎರೆ ಮಣ್ಣಿನ ಸುಣ್ಣ ಹಿಡಿದಿಟ್ಟುಕೊಂಡಿದೆ. ಮಸಾರಿ (ಕೆಂಪು ಮಣ್ಣು) ಆದರೆ ಕಬ್ಬಿಣ, ಅಲ್ಯೂಮಿನಿಯಂ ಹಿಡಿಯುತ್ತವೆ. ಸಾರಜನಕದ ರೂಪವಾದ ನೈಟ್ರೇಟ್ ನೀರಿನೊಡನೆ ಬೇರಿನತ್ತ ಹರಿದು ಬರುತ್ತದೆ. ರಂಜಕ ಕೆಲವು ಮಿಲಿಮೀಟರ್ ಸರಿಯುವುದೂ ಕಷ್ಟ. ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ದ್ವಿದಳ ಮೇವಿಗೆ ಈ ಕೊರತೆ ಹೆಚ್ಚು ಕಾಡುತ್ತದೆ, ಏಕೆಂದರೆ ಗಾಳಿಯ ಸಾರಜನಕವನ್ನು ಹಿಡಿಯುವ ಬೇರುಗಂಟುಗಳು ರಂಜಕವಿಲ್ಲದೆ ದುಡಿಯಲಾರವು.

ತಳಿ ಅಭಿವೃದ್ಧಿ ನನ್ನ ವೃತ್ತಿ. ನಾವು ಗೊಬ್ಬರ ತುಂಬಿದ ತಾಕುಗಳಲ್ಲಿ ಸೊಪ್ಪು ತೂಗಿ ತಳಿ ಆರಿಸುತ್ತ ಬಂದೆವು. ಬೇರನ್ನು ಅಗೆದು ನೋಡಿದ್ದು ಅಪರೂಪ. ಆರಿಸುವ ಕೆಲಸ ಹಸಿದ ಮಣ್ಣಿನಲ್ಲೇ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇರಿನಲ್ಲಿ ಹುಡುಕಬೇಕಾದ ಗುಣಗಳಲ್ಲಿ ಒಂದು, ಬೇರುಗೂದಲಿನ ಉದ್ದ. ನ್ಯೂಜಿಲೆಂಡಿನಲ್ಲಿ ಬಿಳಿ ಕ್ಲೋವರ್ ಮೇವನ್ನು ಇದಕ್ಕಾಗಿಯೇ ಆರಿಸಿ ನೋಡಿದ್ದಾರೆ. ಇನ್ನೊಂದು ಗುಣಕ್ಕೆ ದೂರ ಹೋಗಬೇಕಿಲ್ಲ, ಗದಗಿನ ಕಡಲೆ ಹೊಲದಲ್ಲೇ ಕಾಣಬಹುದು. ಮುಂಜಾನೆ ಕಡಲೆ ಎಲೆ ಮುಟ್ಟಿದರೆ ಬೆರಳಿಗೆ ಹುಳಿ ಅಂಟುತ್ತದೆಯಲ್ಲ, ಅಂಥ ಆಮ್ಲಗಳನ್ನು ಅದರ ಬೇರೂ ಸ್ರವಿಸುತ್ತದೆ. ಸುಣ್ಣ ಹಿಡಿದ ರಂಜಕ ಅದರಿಂದ ಬಿಡಿಸಿಕೊಳ್ಳುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲದಿಂದ ಕಬ್ಬಿಣದ ಹಿಡಿತ ಸಡಿಲಿಸುತ್ತದೆ ಎಂದು ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಬೇಳೆಕಾಳುಗಳಿಗೆ ಒಲಿದ ಈ ಗುಣ ಮೇವಿನ ಬೆಳೆಗಳಲ್ಲಿ ಎಷ್ಟಿದೆ ಎಂದು ಗಿಡ ಗಿಡವನ್ನೂ ಅಳೆಯಬೇಕು.

ವಂಶವಾಹಿ ಸೇರಿಸುವ ದಾರಿಯೂ ಇದೆ. ಆಸ್ಟ್ರೇಲಿಯದಲ್ಲಿ ಒಂದು ಜಾತಿಯ ಕ್ಲೋವರ್‌ಗೆ ಸಾವಯವ ರಂಜಕವನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವದ ವಂಶವಾಹಿಯನ್ನು ಶಿಲೀಂಧ್ರದಿಂದ ತಂದು ಸೇರಿಸಿದರು. ಪ್ರಯೋಗಾಲಯದಲ್ಲಿ ಅಗರ್ ಎಂಬ ಲೋಳೆಯ ಮೇಲೆ ಗಿಡ ಚೆನ್ನಾಗಿ ಬೆಳೆಯಿತು; ಮಣ್ಣಿಗೆ ಇಳಿಸಿದಾಗ ಆ ಲಾಭ ಬಹುಮಟ್ಟಿಗೆ ಕಾಣಲಿಲ್ಲ. ಆ ಕಿಣ್ವವನ್ನೂ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ನಾನು ಮೊದಲು ನೆಚ್ಚುವುದು ಹೊಲದಲ್ಲಿ ಈಗಾಗಲೇ ಇರುವ ವೈವಿಧ್ಯವನ್ನು. ಕುದುರೆಮಸಾಲೆಯ ಜೀವಕೋಶದಲ್ಲಿ ಪ್ರತಿ ಬಗೆಯ ವರ್ಣತಂತುವಿಗೂ ನಾಲ್ಕು ಪ್ರತಿಗಳಿವೆ, ಪರಾಗಸ್ಪರ್ಶಕ್ಕೆ ಜೇನು ಬೇಕು. ಒಂದೇ ಚೀಲದ ಬೀಜದಲ್ಲೂ ಎರಡು ಗಿಡ ಒಂದೇ ತೆರನಾಗಿರುವುದಿಲ್ಲ. ತಳಿ ಸ್ಥಿರಗೊಳಿಸಲು ಇದು ತೊಡಕು, ಆರಿಸುವವನಿಗೆ ಮಾತ್ರ ದೊಡ್ಡ ಆಸ್ತಿ.

ಆ ರೈತರಿಗೆ ಸದ್ಯಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಎಂದೆ. ಮುಂದಿನ ಬಿತ್ತನೆಯಲ್ಲಿ ಗೊಬ್ಬರವನ್ನು ಎರಚದೆ ಸಾಲಿನಲ್ಲಿ ಬೀಜದ ಪಕ್ಕಕ್ಕೆ ಬೀಳುವಂತೆ ಕೊಡಲು, ತಿಪ್ಪೆಗೊಬ್ಬರ ಬಿಡದಿರಲು ಹೇಳಿದೆ. ಹೊರಡುವಾಗ, ಬಡಕಲಾದ ಮೂಲೆಯೊಂದರಲ್ಲಿ ನಾಲ್ಕೈದು ಗಿಡಗಳು ದಟ್ಟ ಹಸಿರಾಗಿ ನಿಂತಿದ್ದವು. ಅವರೇ ಗುದ್ದಲಿಯಿಂದ ಬುಡಸಮೇತ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಅದು ಗಿಡದ ಗುಣವೋ, ಆ ಜಾಗದ ಮಣ್ಣಿನ ಗುಣವೋ ಎಂಬುದು ಕುಡಿ ಕತ್ತರಿಸಿ, ರಂಜಕ ಕಡಿಮೆ ಇರುವ ಎರೆ ಮಣ್ಣು ತುಂಬಿದ ಕುಂಡಗಳಲ್ಲಿ ಬೆಳೆಸಿದ ಮೇಲೆ ತಿಳಿಯುತ್ತದೆ. ಧಾರವಾಡಕ್ಕೆ ಬಂದ ಸಂಜೆಯೇ ಕುಡಿಗಳನ್ನು ನೆಟ್ಟಿದ್ದೇನೆ.