ನೌಕರಿ ಬಿಡದೆ ಮಾಡಿದ ಎಂಬಿಎಗೆ ಬೆಲೆ ಇದೆಯೇ?

ಪ್ರಶ್ನೆ: ನಾನು ಮೂಲತಃ ವಿಜಯಪುರದವನು. ಎಂಜಿನಿಯರಿಂಗ್ ಮುಗಿಸಿ ಹನ್ನೊಂದು ವರ್ಷಗಳಿಂದ ಪುಣೆಯ ಚಾಕಣದಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇದ್ದೇನೆ. ಈಗ ಒಂದು ಲೈನಿನ ಪೂರ್ತಿ ಹೊಣೆ ನನ್ನದು. ಹೆಂಡತಿ, ಐದು ವರ್ಷದ ಮಗಳು, ಫ್ಲ್ಯಾಟಿನ ಸಾಲದ ಕಂತು ಇರುವುದರಿಂದ ನೌಕರಿ ಬಿಡುವಂತಿಲ್ಲ. ಕೆಲಸ ಮಾಡುತ್ತಲೇ ಎಕ್ಸಿಕ್ಯೂಟಿವ್ ಎಂಬಿಎ ಮಾಡಿದರೆ ಅದಕ್ಕೆ ನಿಜವಾದ ಬೆಲೆ ಇದೆಯೇ, ಅಥವಾ ಅದು ದುಡ್ಡು ಕೊಟ್ಟು ಪಡೆಯುವ ಒಂದು ಕಾಗದ ಮಾತ್ರವೇ?

ಉತ್ತರ: ಇದೇ ಪ್ರಶ್ನೆಯನ್ನು ಥಾಣೆಯ ಬ್ಯಾಂಕ್ ನೌಕರರೂ ಮಡಗಾಂವಿನ ಹೋಟೆಲ್ ವ್ಯವಸ್ಥಾಪಕರೂ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಬೆಲೆ ಇದೆ, ಆದರೆ ಅದು ಹೊರಗಿನ ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ, ನೀವು ಈಗ ಕುಳಿತಿರುವ ಜಾಗದಲ್ಲಿಯೇ ಹುಟ್ಟಬೇಕಾದ ಬೆಲೆ. ಇಪ್ಪತ್ತಮೂರು ವರ್ಷದ ವಿದ್ಯಾರ್ಥಿ ಪೂರ್ಣಾವಧಿ ಎಂಬಿಎಗೆ ಸೇರುವುದು ಮೊದಲ ದೊಡ್ಡ ನೌಕರಿಗಾಗಿ. ಅವನಿಗೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳೇ ಮುಖ್ಯ, ಪಾಠ ಎಷ್ಟೋ ಸಲ ಎರಡನೆಯದು. ನೌಕರಿಯಲ್ಲಿದ್ದು ಓದುವವರಿಗೆ ಅಂತಹ ನೇಮಕಾತಿಯ ವ್ಯವಸ್ಥೆ ಬಹುತೇಕ ಕಡೆ ಇರುವುದಿಲ್ಲ, ಅಥವಾ ಹೆಸರಿಗಷ್ಟೇ ಇರುತ್ತದೆ. ನಿಮ್ಮನ್ನು ಕಳುಹಿಸಿಕೊಟ್ಟ ಕಂಪನಿಯಿಂದಲೇ ನಿಮ್ಮನ್ನು ಬಿಡಿಸಿ ಇನ್ನೊಂದಕ್ಕೆ ಸೇರಿಸಿದರೆ, ಮುಂದಿನ ವರ್ಷ ಆ ಕಂಪನಿ ಯಾರನ್ನೂ ಕಳುಹಿಸುವುದಿಲ್ಲ ಎಂಬುದು ಸಂಸ್ಥೆಗಳಿಗೆ ಗೊತ್ತಿದೆ. ಇದನ್ನು ತಿಳಿಯದೆ ಸೇರಿದವರೇ ಎರಡು ವರ್ಷದ ನಂತರ ‘ಕಾಗದ ಸಿಕ್ಕಿತು, ಬೇರೇನೂ ಆಗಲಿಲ್ಲ’ ಎಂದು ಹೇಳುತ್ತಾರೆ.

ನಾನು ಮುಂಬೈಯಲ್ಲಿ ಮೂರು ವರ್ಷ ಸಂಜೆಯ ತರಗತಿಗೆ ಹೋದವನು. ಕಚೇರಿ ಲೋವರ್ ಪರೇಲಿನಲ್ಲಿ, ಮನೆ ಡೊಂಬಿವಲಿಯಲ್ಲಿ. ಮೊದಲ ವರ್ಷ ನನಗೆ ಏನೂ ದಕ್ಕಲಿಲ್ಲ, ಏಕೆಂದರೆ ತರಗತಿ ಬೇರೆ, ಕಚೇರಿ ಬೇರೆ ಎಂದುಕೊಂಡಿದ್ದೆ. ಎರಡನೆಯ ವರ್ಷ ದುಡಿಯುವ ಬಂಡವಾಳದ, ಅಂದರೆ ದಿನದಿನದ ವ್ಯವಹಾರ ನಡೆಸಲು ಬೇಕಾದ ಹಣದ, ಪಾಠ ನಡೆದ ಮರುದಿನ, ನಮ್ಮ ಗೋದಾಮಿನಲ್ಲಿ ಸರಕು ಎಷ್ಟು ದಿನ ಸುಮ್ಮನೆ ಬಿದ್ದಿರುತ್ತದೆ ಎಂದು ಲೆಕ್ಕಪತ್ರ ವಿಭಾಗದವರನ್ನು ಕೇಳಿದೆ. ಅವರಿಗೆ ಆ ಪ್ರಶ್ನೆಯೇ ಹೊಸದಾಗಿತ್ತು. ಆ ಲೆಕ್ಕ ಹಾಕಲು ಹೋಗಿ ನನಗೆ ಲೆಕ್ಕಪತ್ರ ವಿಭಾಗದ ಪರಿಚಯವಾಯಿತು, ಅಲ್ಲಿಂದ ವಾರ್ಷಿಕ ಬಜೆಟ್ ತಯಾರಿಸುವ ಸಭೆಯಲ್ಲಿ ಒಂದು ಕುರ್ಚಿ ಸಿಕ್ಕಿತು. ಬಡ್ತಿ ಬಂದದ್ದು ಪದವಿಯ ಪ್ರಮಾಣಪತ್ರ ಕೈಸೇರುವ ಮೊದಲು. ನಿಮ್ಮ ಲೈನಿನಲ್ಲಿಯೂ ತಿರಸ್ಕೃತವಾಗುವ ಮಾಲು, ಯಂತ್ರ ನಿಂತ ಗಂಟೆಗಳು, ಪೂರೈಕೆದಾರರ ವಿಳಂಬ ಇವೆಲ್ಲ ಇದ್ದೇ ಇರುತ್ತವೆ. ಇವುಗಳನ್ನು ರೂಪಾಯಿಯ ಭಾಷೆಯಲ್ಲಿ ಹೇಳಲು ಕಲಿಯುವುದೇ ನಿಮ್ಮಂಥವರಿಗೆ ಈ ಓದಿನ ಮೊದಲ ಲಾಭವೆಂದು ನನ್ನ ಅಭಿಪ್ರಾಯ. ಹಾಗೆ ಹೇಳುವ ಅವಕಾಶವೇ ಇಲ್ಲದ, ಮೇಲಿನವರು ಕೇಳಲು ಸಿದ್ಧರಿಲ್ಲದ ಕಾರ್ಖಾನೆ ನಿಮ್ಮದಾಗಿದ್ದರೆ, ಮೊದಲು ನೌಕರಿ ಬದಲಿಸಿ, ಆಮೇಲೆ ಓದು ಹಿಡಿಯುವುದು ಲೇಸು.

ಇನ್ನು ಹೆಸರಿನ ಗೊಂದಲ. ‘ಎಕ್ಸಿಕ್ಯೂಟಿವ್’ ಎಂಬ ಪದವನ್ನು ನಮ್ಮ ದೇಶದಲ್ಲಿ ಕನಿಷ್ಠ ಮೂರು ಅರ್ಥದಲ್ಲಿ ಬಳಸುತ್ತಾರೆ. ಅಹಮದಾಬಾದ್, ಬೆಂಗಳೂರು, ಕೋಲ್ಕತ್ತದ ಐಐಎಂಗಳು ಅನುಭವಿಗಳಿಗಾಗಿ ನಡೆಸುವ ಒಂದು ವರ್ಷದ ಕೋರ್ಸುಗಳು ಪೂರ್ಣಾವಧಿಯವು. ಅವಕ್ಕೆ ನೌಕರಿ ಬಿಟ್ಟು ಕ್ಯಾಂಪಸ್ಸಿನಲ್ಲಿ ವಾಸಿಸಬೇಕು, ಆದ್ದರಿಂದ ನಿಮಗೆ ಒದಗುವುದಿಲ್ಲ. ಎರಡನೆಯದು ನಿಮಗೆ ಬೇಕಾದದ್ದು: ಸಂಜೆ, ವಾರಾಂತ್ಯ ಅಥವಾ ತಿಂಗಳಿಗೆ ಕೆಲವು ದಿನ ಒಟ್ಟಿಗೆ ನಡೆಯುವ, ಎರಡು ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ. ಮೂರನೆಯದು ಕೆಲವು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್. ದೊಡ್ಡ ಸಂಸ್ಥೆಯ ಲಾಂಛನ ಹೊತ್ತು, ಮಧ್ಯವರ್ತಿ ಕಂಪನಿಗಳ ಮೂಲಕ ಮಾರಾಟವಾಗುವ ಇದಕ್ಕೆ ಫೋನ್ ಮೇಲೆ ಫೋನ್ ಬರುತ್ತವೆ. ಅದರಲ್ಲಿ ಕಲಿಯುವುದಿಲ್ಲವೆಂದಲ್ಲ, ಅದು ಪದವಿಯಲ್ಲ, ಅಷ್ಟೇ. ಫೋನಿನಲ್ಲಿ ಮಾತನಾಡುವವರು ಈ ಒಂದು ವಾಕ್ಯವನ್ನು ನೇರವಾಗಿ ಹೇಳುವುದು ಅಪರೂಪ.

ಕಾಗದವೆಂದು ನೀವು ಹಗುರಾಗಿ ಹೇಳಿದಿರಿ, ಆದರೆ ಕಾಗದದ ಮೇಲೆ ಏನು ಬರೆದಿದೆ ಎಂಬುದು ಹಗುರಾದ ವಿಷಯವಲ್ಲ. ವಿಶ್ವವಿದ್ಯಾಲಯ ಅಥವಾ ಡೀಮ್ಡ್ ವಿಶ್ವವಿದ್ಯಾಲಯ ಕೊಡುವುದು ಪದವಿ. ಸ್ವತಂತ್ರ ಸಂಸ್ಥೆಗಳು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಅನುಮೋದನೆ ಪಡೆದು ಕೊಡುವುದು ಸ್ನಾತಕೋತ್ತರ ಡಿಪ್ಲೊಮಾ, ಅಂದರೆ ಪಿಜಿಡಿಎಂ. ಐಐಎಂಗಳೇ ದಶಕಗಳ ಕಾಲ ಡಿಪ್ಲೊಮಾ ಕೊಡುತ್ತಿದ್ದವು. 2017ರ ಐಐಎಂ ಕಾಯಿದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆಯೇ ಅವಕ್ಕೆ ಪದವಿ ನೀಡುವ ಅಧಿಕಾರ ಬಂದದ್ದು. ಖಾಸಗಿ ಕಾರ್ಖಾನೆಯ ಬಡ್ತಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಪಿಎಚ್‌ಡಿ ಮಾಡುವ, ಕಾಲೇಜಿನಲ್ಲಿ ಪಾಠ ಹೇಳುವ, ಸರ್ಕಾರಿ ಸಂಸ್ಥೆಗೆ ಅರ್ಜಿ ಹಾಕುವ ಅಥವಾ ವಿದೇಶಕ್ಕೆ ವಲಸೆ ಹೋಗುವ ಯೋಚನೆಯಿದ್ದರೆ ಮಾತ್ರ ಇದು ಬಹಳ ದೊಡ್ಡದಾಗುತ್ತದೆ. ಆನ್‌ಲೈನ್ ಪದವಿಯ ವಿಷಯದಲ್ಲಿ, ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಯ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೂ ಆ ಸಂಸ್ಥೆಗೆ ಆ ಕೋರ್ಸಿಗೆ ಆ ವರ್ಷ ಅನುಮತಿ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ನೋಡಬೇಕು.

ದುಡಿಯುತ್ತ ಓದುವುದು ನಮ್ಮವರಿಗೆ ಹೊಸದೇನಲ್ಲ. ಉದ್ಯೋಗಸ್ಥರಿಗಾಗಿ ಮೊದಲ ಎಕ್ಸಿಕ್ಯೂಟಿವ್ ಎಂಬಿಎ ಆರಂಭಿಸಿದ್ದು 1943ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯ. ಆ ಹೊತ್ತಿಗಾಗಲೇ ಮುಂಬೈಯಲ್ಲಿ ಕರಾವಳಿಯ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಕೋಟೆ ಪ್ರದೇಶದ ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದುತ್ತಿದ್ದರು. ಆದರೆ ಆ ಹುಡುಗರಿಗೆ ಸಂಸಾರವಿರಲಿಲ್ಲ, ಮಲಗುವುದೂ ಹೋಟೆಲಿನಲ್ಲಿಯೇ. ನಿಮಗೆ ಮಗಳಿದ್ದಾಳೆ, ರಸ್ತೆಯಿದೆ. ಆದ್ದರಿಂದ ಈ ಉತ್ತರದ ಹೆಚ್ಚಿನ ಭಾಗ ಸಮಯದ ಬಗ್ಗೆಯೇ ಇರಬೇಕಾಗಿದೆ.

ಶನಿವಾರ ಮತ್ತು ಭಾನುವಾರ ತಲಾ 6 ಗಂಟೆ ಪಾಠ, ವರ್ಷಕ್ಕೆ 30 ವಾರಾಂತ್ಯ, ಎರಡು ವರ್ಷ ಎಂದು ಇಟ್ಟುಕೊಳ್ಳೋಣ. ತರಗತಿಯೇ 720 ಗಂಟೆಯಾಯಿತು. ಒಂದು ಗಂಟೆಯ ಪಾಠಕ್ಕೆ ಮನೆಯಲ್ಲಿ ಒಂದು ಗಂಟೆ ಓದು ಎಂದರೆ 1,440 ಗಂಟೆ. ಇದನ್ನು ಎಂಟು ಗಂಟೆಯ ಶಿಫ್ಟಿಗೆ ಇಳಿಸಿದರೆ 180 ದಿನ. ತಿಂಗಳಿಗೆ 26 ಕೆಲಸದ ದಿನದಂತೆ ಏಳು ತಿಂಗಳ ಹೆಚ್ಚುವರಿ ನೌಕರಿ. ಪ್ರಯಾಣವನ್ನು ಇದಕ್ಕೆ ಸೇರಿಸಿಲ್ಲ. ಗುಂಪಿನ ಅಸೈನ್‌ಮೆಂಟಿಗಾಗಿ ರಾತ್ರಿ ಹನ್ನೊಂದರ ನಂತರ ನಡೆಯುವ ಫೋನ್ ಸಭೆಗಳನ್ನೂ ಸೇರಿಸಿಲ್ಲ. ನನ್ನ ಗುಂಪಿನಲ್ಲಿ ಎಲ್ಲರ ಮಕ್ಕಳೂ ಮಲಗಿದ ಮೇಲೆ ಸಿಗುವ ಹೊತ್ತು ಅದೊಂದೇ ಆಗಿತ್ತು.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಚಾಕಣದವರು ಮೊದಲು ನೋಡಬೇಕಾದ ಒಂದು ಸಂಗತಿಯಿದೆ. ಪಿಂಪ್ರಿ-ಚಿಂಚವಾಡ, ಭೋಸರಿ, ಚಾಕಣ ಭಾಗದ ಅನೇಕ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ವಿದ್ಯುತ್ತಿನ ಹೊರೆಯನ್ನು ವಾರದ ದಿನಗಳಿಗೆ ಹಂಚುವುದಕ್ಕಾಗಿ ಬಂದ ಏರ್ಪಾಡು ಅದು, ರೂಢಿಯಾಗಿ ಉಳಿದಿದೆ. ವಾರಾಂತ್ಯದ ಕೋರ್ಸನ್ನು ರೂಪಿಸುವವರ ಕಣ್ಣ ಮುಂದೆ ಇರುವುದು ಹಿಂಜವಡಿಯ ಐಟಿ ಕಂಪನಿ ಅಥವಾ ಮುಂಬೈಯ ಬ್ಯಾಂಕು. ನಿಮ್ಮದು ಗುರುವಾರದ ಕಾರ್ಖಾನೆಯಾಗಿದ್ದರೆ ಶನಿವಾರ, ಭಾನುವಾರ ಎರಡೂ ದಿನ ಶಿಫ್ಟ್ ಇರುತ್ತದೆ. ಹಾಜರಾತಿಯಾದರೋ ಸಾಮಾನ್ಯವಾಗಿ ಶೇ 75 ಅಥವಾ ಅದಕ್ಕಿಂತ ಹೆಚ್ಚು ಕಡ್ಡಾಯ. ಆಗ ಇರುವ ರಜೆಗಳನ್ನೆಲ್ಲ ಸುರಿದರೂ ಸಾಲುವುದಿಲ್ಲ. ಇಂಥವರಿಗೆ ಸಂಜೆಯ ತರಗತಿಯೋ, ಒಂದೆರಡು ತಿಂಗಳಿಗೊಮ್ಮೆ ಒಂದು ವಾರ ಪೂರ್ತಿ ನಡೆಯುವ ಮಾದರಿಯೋ ಹೊಂದಬಹುದು. ಒಂದು ವಾರದ ರಜೆಯನ್ನು ಮೊದಲೇ ಹೇಳಿ ಪಡೆಯುವುದು, ಪ್ರತಿ ಭಾನುವಾರ ಶಿಫ್ಟ್ ಬದಲಿಸಿಕೊಡಿರೆಂದು ಬೇಡುವುದಕ್ಕಿಂತ ಸುಲಭ. ಗೋವಾದ ಹೋಟೆಲಿನವರ ಕಥೆಯೂ ಇದೇ: ಪ್ರವಾಸಿಗರ ಹಂಗಾಮಿನಲ್ಲಿ ಅವರಿಗೆ ಶನಿವಾರವೆಂಬುದೇ ಇಲ್ಲ.

ಸಂಸ್ಥೆಯನ್ನು ಆರಿಸುವಾಗ ಹೆಸರಿನ ಜೊತೆಗೆ ನಕಾಶೆಯನ್ನೂ ಹರಡಿಕೊಳ್ಳಬೇಕಾದದ್ದು ಈ ಕಾರಣಕ್ಕೆ. ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೂ ಲವಳೆಯ ಗುಡ್ಡದ ಮೇಲಿರುವ ಸಿಂಬಯಾಸಿಸ್‌ಗೂ ಚಾಕಣದಿಂದ ಹೋಗುವ ದಾರಿ, ಹಿಡಿಯುವ ಹೊತ್ತು ಎರಡೂ ಬೇರೆ. ಮುಂಬೈಯಲ್ಲಿ ಆಯ್ಕೆ ಹೆಚ್ಚು. ಚರ್ಚ್‌ಗೇಟಿನಲ್ಲಿ 1965ರಲ್ಲಿ ಆರಂಭವಾದ, ಮುಂಬೈ ವಿಶ್ವವಿದ್ಯಾಲಯದ ಜಮ್ನಾಲಾಲ್ ಬಜಾಜ್ ಸಂಸ್ಥೆ ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ ವಿಷಯಗಳಲ್ಲಿ ಮೂರು ವರ್ಷದ ಅಂಶಕಾಲಿಕ ಪದವಿಗಳಿಗೆ ಬಹುಕಾಲದಿಂದ ಹೆಸರಾಗಿದೆ. ಅಂಧೇರಿಯಲ್ಲಿ ಎಸ್‌ಪಿ ಜೈನ್, ವಿಲೆಪಾರ್ಲೆಯಲ್ಲಿ ಎನ್‌ಎಂಐಎಂಎಸ್, ಮಾಟುಂಗಾದಲ್ಲಿ ವೆಲಿಂಗ್ಕರ್ ಇವೆ. ಪವಾಯಿಯ ನಿಟಿ ಸಂಸ್ಥೆ 2023ರಲ್ಲಿ ಐಐಎಂ ಮುಂಬೈ ಆಯಿತು. 1963ರಲ್ಲಿ ಕೈಗಾರಿಕಾ ಎಂಜಿನಿಯರಿಂಗಿಗಾಗಿಯೇ ಹುಟ್ಟಿದ ಸಂಸ್ಥೆ ಅದಾದ್ದರಿಂದ, ಉತ್ಪಾದನೆ ಮತ್ತು ಪೂರೈಕೆಯ ಕೆಲಸದಲ್ಲಿರುವವರು ಅದರ ಉದ್ಯೋಗಸ್ಥರ ಕೋರ್ಸುಗಳನ್ನು ಒಮ್ಮೆ ನೋಡಬೇಕು. ಆದರೆ ಪ್ರತಿ ವಾರ ಪುಣೆಯಿಂದ ಮುಂಬೈಗೆ ಓಡಾಡುತ್ತೇನೆಂದು ಹೊರಡುವುದು ಬೇಡ. ಹಾಗೆ ಹೊರಟವರು ನನ್ನ ತರಗತಿಯಲ್ಲಿ ಇಬ್ಬರಿದ್ದರು. ಒಬ್ಬರು ಮೊದಲ ಮಳೆಗಾಲದಲ್ಲಿಯೇ ಬಿಟ್ಟರು.

ದುಡ್ಡಿನ ವಿಷಯ ಸಮಯದಷ್ಟು ಜಟಿಲವಲ್ಲ, ಕೂಡಿಸಿ ಕಳೆದರೆ ಉತ್ತರ ಬರುತ್ತದೆ. ಶುಲ್ಕ ಒಂದೆರಡು ಲಕ್ಷದಿಂದ ಹಿಡಿದು 30 ಲಕ್ಷ ಮೀರಿಯೂ ಇದೆ. 10 ಲಕ್ಷ ರೂಪಾಯಿ ಸಾಲವನ್ನು ಶೇ 11ರ ಬಡ್ಡಿಯಲ್ಲಿ ಐದು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 21,700 ರೂಪಾಯಿ, ಬಡ್ಡಿಯೇ 3 ಲಕ್ಷ ದಾಟುತ್ತದೆ. ನಿಮ್ಮ ಫ್ಲ್ಯಾಟಿನ ಕಂತಿನ ಪಕ್ಕದಲ್ಲಿ ಈ ಅಂಕಿಯನ್ನು ಬರೆದು, ಮನೆಯವರಿಗೆ ತೋರಿಸಿ. 80ಇ ಎಂದು ಜನ ಗುರುತಿಸುವ ತೆರಿಗೆ ವಿನಾಯಿತಿ ಇಂಥ ಸಾಲದ ಬಡ್ಡಿಗೆ ಮಾತ್ರ, ಅಸಲಿಗಿಲ್ಲ; ಗರಿಷ್ಠ ಎಂಟು ವರ್ಷ; ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಹೊಸ ಪದ್ಧತಿಗೆ ಹೋಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಾವನವರಿಂದಲೋ ಗೆಳೆಯರಿಂದಲೋ ಪಡೆದ ಸಾಲಕ್ಕೂ ಅದು ಸಿಗುವುದಿಲ್ಲ.

ಕಂಪನಿಯೇ ಶುಲ್ಕ ಕೊಟ್ಟರೆ ಒಳ್ಳೆಯದು, ಆದರೆ ಅದರ ಜೊತೆಗೆ ಬಾಂಡ್ ಬರುತ್ತದೆ: ಓದು ಮುಗಿದ ಮೇಲೆ ಇಷ್ಟು ವರ್ಷ ಇಲ್ಲಿಯೇ ಇರಬೇಕು, ಬಿಟ್ಟರೆ ಹಣ ಹಿಂದಿರುಗಿಸಬೇಕು. ‘ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂದು ಕ್ಯಾಂಟೀನಿನಲ್ಲಿ ಧೈರ್ಯ ಹೇಳುವವರಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಓದಿನ ಬಾಂಡ್ ಅಲ್ಲ, ನೇಮಕಾತಿಯದು. ಆದರೂ ಸಹಿ ಹಾಕುವ ಮೊದಲು ಓದಬೇಕೆನ್ನುವುದಕ್ಕೆ ಅಷ್ಟು ಸಾಕು. ನನ್ನ ಕೇಳಿಕೆ ಇನ್ನೊಂದು: ಹಣಕ್ಕಿಂತ ಮೊದಲು ಸಮಯವನ್ನು ಕೇಳಿ. ತರಗತಿಯ ದಿನ ಶಿಫ್ಟ್ ಬದಲಾಯಿಸುವುದಾಗಿಯೂ, ಪ್ರಾಜೆಕ್ಟಿಗೆ ನಿಮ್ಮದೇ ಲೈನಿನ ಅಂಕಿಅಂಶ ಬಳಸಲು ಬಿಡುವುದಾಗಿಯೂ ಬರೆದುಕೊಟ್ಟ ಒಂದು ಪತ್ರ, ಶುಲ್ಕದ ಅರ್ಧ ಹಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೇಲಧಿಕಾರಿಗೆ ಹೇಳದೆ, ಗುಟ್ಟಾಗಿ ಸೇರುವವರೂ ಇದ್ದಾರೆ. ಗುಟ್ಟಾಗಿ ಓದಿದವರು ಕಲಿತದ್ದನ್ನು ಗುಟ್ಟಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ.

ಪ್ರವೇಶ ಪರೀಕ್ಷೆಯ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. ಕೆಲವು ಸಂಸ್ಥೆಗಳು ತಮ್ಮದೇ ಪರೀಕ್ಷೆ ಮತ್ತು ಸಂದರ್ಶನ ನಡೆಸುತ್ತವೆ, ಕೆಲವು ಜಿಮ್ಯಾಟ್ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತವೆ. ಈಗಿನ ಜಿಮ್ಯಾಟ್ 2 ಗಂಟೆ 15 ನಿಮಿಷದ್ದು, ಅದರ ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ. ಅನುಭವಿಗಳಿಗೆಂದೇ ಇರುವ ಎಕ್ಸಿಕ್ಯೂಟಿವ್ ಅಸೆಸ್‌ಮೆಂಟ್ 90 ನಿಮಿಷದ್ದು. ಸಂದರ್ಶನದಲ್ಲಿ ಕೇಳುವುದು ನಿಮ್ಮ ಕೆಲಸವನ್ನೇ. ಕನ್ನಡ ಮಾಧ್ಯಮದಲ್ಲಿ ಓದಿದೆ, ಇಂಗ್ಲಿಷ್ ತಡವರಿಸುತ್ತದೆ ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ಲೈನು ನಿಂತ ರಾತ್ರಿ ಏನು ಮಾಡಿದಿರಿ ಎಂಬುದನ್ನು ಹೇಳುವಷ್ಟು ಇಂಗ್ಲಿಷ್ ಹನ್ನೊಂದು ವರ್ಷದಲ್ಲಿ ನಿಮಗೆ ಬಂದೇ ಇರುತ್ತದೆ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ವಯಸ್ಸು ಮತ್ತು ಅನುಭವ ಎರಡೂ ಸರಿಯಾದ ಹಂತದಲ್ಲಿವೆ. ಒಂದು ಲೈನಿನ ಹೊಣೆಯಿಂದ ಇಡೀ ಘಟಕದ ಹೊಣೆಗೆ ಏರುವವರನ್ನು ತಡೆಯುವುದು ಯಂತ್ರದ ಜ್ಞಾನದ ಕೊರತೆಯಲ್ಲ, ಲಾಭ-ನಷ್ಟದ ಪಟ್ಟಿ ಓದಲು ಬಾರದಿರುವುದು. ಅರ್ಜಿ ತುಂಬುವ ಮೊದಲು ಸಂಸ್ಥೆಯವರಿಂದ, ಕಾರ್ಖಾನೆಯಲ್ಲಿದ್ದುಕೊಂಡೇ ಅಲ್ಲಿ ಓದಿದ ಇಬ್ಬರ ಪರಿಚಯ ಕೇಳಿ ಪಡೆದು, ಓದು ಮುಗಿದ ಮರುವರ್ಷ ಅವರು ಯಾವ ಹುದ್ದೆಯಲ್ಲಿದ್ದರು ಎಂದು ವಿಚಾರಿಸಿ. ಒಂದು ಶನಿವಾರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ, ಪಾಠ ಮುಗಿದ ಹೊತ್ತಿಗೇ ಹೊರಟು ಚಾಕಣದ ಮನೆ ತಲುಪಿ ಗಡಿಯಾರ ನೋಡಿಕೊಳ್ಳಿ. ಆ ದಿನ ನಿಮ್ಮ ಲೈನನ್ನು ಯಾರು ನೋಡಿಕೊಂಡರು, ಅವರು ಎರಡು ವರ್ಷ ಹಾಗೆಯೇ ನೋಡಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ಸೋಮವಾರ ಅವರನ್ನೇ ಕೇಳಿ.