ಕಾಯಿ ಹಿಡಿಯದೆ ಪಾಯಿಂಟ್ ನೋಡುವ ಮೀನು

ಕೋಲಾರದ ಹತ್ತಿರದ ನಮ್ಮ ಜಮೀನಿನಲ್ಲಿ ಚಿಕ್ಕಪ್ಪ ಮೂರನೇ ಬೋರ್ ಕೊರೆಸಿದ್ದು ತೆಂಗಿನಕಾಯಿಯ ಮಾತು ಕೇಳಿ. ಅಂಗೈ ಮೇಲೆ ಮಲಗಿಸಿದ ಕಾಯಿ ಎದ್ದು ನಿಂತ ಜಾಗವೇ ನೀರಿನ ಪಾಯಿಂಟ್ ಅಂತ ಅಲ್ಲೇ 1,300 ಅಡಿ ಇಳಿಸಿದರು, ಬಂದಿದ್ದು ಬರೀ ಕಲ್ಲುಪುಡಿ. ಅದೇ ಚಿಕ್ಕಪ್ಪ ಮೊನ್ನೆ ನಮ್ಮ ಅಕ್ವೇರಿಯಂ ಮುಂದೆ ನಿಂತು, "ಈ ಕರಿ ಮೀನು ದೃಷ್ಟಿಗೆ ಇಟ್ಟಿದ್ದೇನೋ?" ಅಂದರು. ಅಂಗಡಿಯವನು ಮಾರಿದ್ದೂ ಹಾಗೆ ಹೇಳಿಯೇ. ವಾಸ್ತುವಿಗೆ ಒಂದು ಕರಿ ಮೀನು ಇರಬೇಕಂತೆ, ಮನೆಯ ಕೇಡನ್ನೆಲ್ಲ ಅದೇ ಹೀರಿಕೊಳ್ಳುತ್ತದಂತೆ. ಬ್ಲ್ಯಾಕ್ ಘೋಸ್ಟ್ ನೈಫ್‌ಫಿಶ್ ಅಂತ ಹೆಸರು ಬೇರೆ! "ಇಲ್ಲ ಚಿಕ್ಕಪ್ಪ, ಇದು ಪಾಯಿಂಟ್ ನೋಡೋ ಮೀನು. ಇದಕ್ಕೆ ಕಾಯಿ ಬೇಡ" ಅಂದೆ.

ತಮಾಷೆಯ ಮಾತಲ್ಲ. ಭೂವಿಜ್ಞಾನಿಗಳು ಅಂತರ್ಜಲ ಹುಡುಕುವಾಗ ನೆಲಕ್ಕೆ ನಾಲ್ಕು ಸರಳು ಹೊಡೆಯುತ್ತಾರೆ. ಎರಡರ ಮೂಲಕ ಕರೆಂಟ್ ಹರಿಸಿ, ಉಳಿದೆರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಒಣ ಕಗ್ಗಲ್ಲು ಕರೆಂಟಿಗೆ ಅಡ್ಡ ನಿಲ್ಲುತ್ತದೆ, ನೀರು ತುಂಬಿದ ಬಿರುಕು ದಾರಿ ಬಿಡುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ ಇದನ್ನು ಬಯಲಿನಲ್ಲಿ ಪರೀಕ್ಷಿಸಿದ್ದು 1912ರಲ್ಲಿ. ಅಮೆಜಾನ್ ಸೀಮೆಯ ಈ ಮೀನಿಗೆ ಆ ವಿದ್ಯೆ ಮನುಷ್ಯ ಹುಟ್ಟುವ ಮೊದಲೇ ಗೊತ್ತಿತ್ತು.

ಅದರ ಬಾಲದ ಕಡೆ ಒಂದು ವಿದ್ಯುತ್ ಅಂಗವಿದೆ. ಸೆಕೆಂಡಿಗೆ ಹೆಚ್ಚುಕಡಿಮೆ ಸಾವಿರ ಸಲ ಮಿಡಿಯುತ್ತದೆ, ಮೀನು ಬದುಕಿರುವವರೆಗೂ ನಿಲ್ಲುವುದಿಲ್ಲ. ನಮ್ಮ ಬೆರಳಿಗೆ ತಿಳಿಯದಷ್ಟು ಸಣ್ಣ ಕರೆಂಟ್. (860 ವೋಲ್ಟ್‌ವರೆಗೂ ಹೊಡೆಯುವ ಎಲೆಕ್ಟ್ರಿಕ್ ಈಲ್ ಇದರ ದಾಯಾದಿ. ಆದರೂ ಕೈಹಾಕಲು ಹೆದರಬೇಡಿ.) ಕಾಲುವೆ ನೀರು ಹೊಲಕ್ಕೆ ಹರಡಿದ ಹಾಗೆ ಈ ಕರೆಂಟ್ ಮೀನಿನ ಸುತ್ತ ಹರಡುತ್ತದೆ. ನಡುವೆ ಕಲ್ಲಿದ್ದರೆ ಪಕ್ಕಕ್ಕೆ ಸರಿಯುತ್ತದೆ, ಎರೆಹುಳವಿದ್ದರೆ ತಗ್ಗಿಗೆ ನುಗ್ಗಿದಂತೆ ಅದರೊಳಕ್ಕೆ ನುಗ್ಗುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, ಮೀನು ತಾನೇ ದೀಪ, ಅದರ ಚರ್ಮವೇ ಪರದೆ. ಕಲ್ಲಿನ ನೆರಳು ಬೀಳುವ ಕಡೆ ಚರ್ಮಕ್ಕೆ ಕತ್ತಲು, ಹುಳ ಇರುವ ಕಡೆ ಬೆಳಕಿನ ಚುಕ್ಕೆ. ಆ ಚುಕ್ಕೆಗಳನ್ನು ಓದಲು ಮೈತುಂಬ ಕರೆಂಟ್ ಗ್ರಹಿಸುವ ಸಾವಿರಾರು ಪುಟ್ಟ ಅಂಗಗಳು. ತೊಗಲುಗೊಂಬೆಯಾಟವನ್ನು ಮೈಮೇಲೆಯೇ ಆಡಿಸಿಕೊಂಡಂತೆ! ಆದರೆ ದೀಪ ಅಲುಗಾಡಿದರೆ ನೆರಳೂ ಕುಣಿಯುತ್ತದಲ್ಲ? ಅದಕ್ಕೇ ಈ ಮೀನು ಬೇರೆ ಮೀನುಗಳಂತೆ ಬಾಲ ಬಡಿಯುವುದಿಲ್ಲ. ಮೈ ನೆಟ್ಟಗಿಟ್ಟುಕೊಂಡು, ಹೊಟ್ಟೆಯಡಿಯ ಉದ್ದ ರೆಕ್ಕೆಯನ್ನು ಸೀರೆಯಂಚಿನಂತೆ ಅಲೆಯಾಡಿಸುತ್ತದೆ. ಅಲೆ ತಿರುಗಿಸಿದರೆ ಹಿಂದಕ್ಕೂ ಅಷ್ಟೇ ಸಲೀಸು.

ಹೀಗೆ ಹಿಂದಕ್ಕೆ ಈಜುವ ಮೀನು ಯಾವುದಕ್ಕೂ ಡಿಕ್ಕಿ ಹೊಡೆಯದಿರುವುದು ಹೇಗೆ? ಆಫ್ರಿಕಾದ ಜಿಮ್ನಾರ್ಕಸ್ ಎಂಬ ಮೀನಿನ ವಿಷಯದಲ್ಲಿ ಈ ಪ್ರಶ್ನೆಯ ಹಿಂದೆ ಬಿದ್ದವರು ಕೇಂಬ್ರಿಜ್‌ನ ಹ್ಯಾನ್ಸ್ ಲಿಸ್‌ಮನ್. ಅದರ ಬಾಲದಿಂದ ವಿದ್ಯುತ್ ಸಂಕೇತ ಸತತವಾಗಿ ಹೊಮ್ಮುವುದನ್ನು ಅವರು 1951ರಲ್ಲಿ ಪ್ರಕಟಿಸಿದರು. 1958ರಲ್ಲಿ ಕೆನ್ ಮಶಿನ್ ಜೊತೆ ಸೇರಿ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟ. ನೋಡಲು ಒಂದೇ ಥರದ, ನೀರು ಜಿನುಗುವ ಮಣ್ಣಿನ ಕುಡಿಕೆಗಳು. ಒಂದರಲ್ಲಿ ತೊಟ್ಟಿಯದೇ ನೀರು, ಇನ್ನೊಂದರಲ್ಲಿ ಭಟ್ಟಿ ಇಳಿಸಿದ ನೀರು. ಮೀನು ಹೊರಗಿನಿಂದಲೇ ಇದು ಯಾವುದು, ಅದು ಯಾವುದು ಎಂದು ಗುರುತು ಹಿಡಿಯಿತು.

ಇದನ್ನು ಅರ್ಥಮಾಡಿಕೊಂಡವರಿಗೆ ಸಾಕುವ ಕ್ರಮವನ್ನು ಬಾಯಿಪಾಠ ಮಾಡುವ ಕೆಲಸವಿಲ್ಲ. ನಮ್ಮ ಮನೆಯ ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 1,100. ಉಪ್ಪಿನಂಶ ಹೆಚ್ಚಿದಷ್ಟೂ ನೀರಿನಲ್ಲಿ ಕರೆಂಟ್ ಸರಾಗ, ಆಗ ಹುಳಕ್ಕೂ ನೀರಿಗೂ ವ್ಯತ್ಯಾಸ ಕಡಿಮೆ. ಇದೇ ಜಾತಿಯ ಮೀನಿಗೆ ನೀರುಚಿಗಟಗಳನ್ನು ಬಿಟ್ಟು ನೋಡಿದ್ದಾರೆ. ವಾಹಕತೆ ಹೆಚ್ಚಿದ ನೀರಿನಲ್ಲಿ ಬೇಟೆ ತೀರಾ ಹತ್ತಿರ ಬರುವವರೆಗೂ ಅದಕ್ಕೆ ಗೊತ್ತಾಗಲಿಲ್ಲ. ಹಾಗಾಗಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಬೋರ್ ನೀರಿಗೆ ಬೆರೆಸಿ 300ರ ಆಸುಪಾಸಿಗೆ ಇಳಿಸುತ್ತೇನೆ, ಒಂದೇ ದಿನಕ್ಕಲ್ಲ, ವಾರಗಟ್ಟಲೆ. ಬರೀ ಆರ್‌ಒ ನೀರೂ ಬೇಡ, ಒಂದಿಷ್ಟು ಲವಣ ಇರಲೇಬೇಕು.

ಹಗಲು ಅಡಗಲು ಪೈಪ್ ಬೇಕು. ಮೂರನೇ ಬೋರಿಗೆಂದು ತಂದು ಹಾಗೇ ಉಳಿದ ಪಿವಿಸಿಯಲ್ಲಿ ಒಂದಡಿ ಕೊಯ್ದು ಹಾಕಿದ್ದೇನೆ. ಲೈಟ್ ಆರಿಸಿದ ಮೇಲೆ ಎರೆಹುಳ, ಬ್ಲಡ್‌ವರ್ಮ್ ಕೊಟ್ಟರಾಯಿತು. ನಾಜೂಕಿನ ಮೈ, ಹೀಗಾಗಿ ಸಿಕ್ಕಸಿಕ್ಕ ಔಷಧಿ ಸುರಿಯಬಾರದು, ತಾಮ್ರದ್ದಂತೂ ಬೇಡವೇ ಬೇಡ.

ಬ್ಯಾಟರಿ ಸ್ಪೀಕರಿನ ಪಿನ್ನಿಗೆ ಎರಡು ತಂತಿ ಕಟ್ಟಿ ನೀರಿಗಿಳಿಸಿ ಚಿಕ್ಕಪ್ಪನಿಗೆ ಕೇಳಿಸಿದೆ. ತಂಬೂರಿಯ ಶ್ರುತಿಯಂತೆ ಏರದ, ಇಳಿಯದ ಒಂದೇ ನಾದ. ಮೀನು ತಂತಿಯ ಹತ್ತಿರ ಬಂದಾಗ ಜೋರು, ದೂರ ಸರಿದಾಗ ಮೆಲ್ಲಗೆ.

ಅಂಗಡಿಯವನು "ಜೋಡಿ ತಗೊಳ್ಳಿ ಸಾರ್, ಒಂದೇ ಇದ್ದರೆ ಕೊರಗುತ್ತೆ" ಅಂದಿದ್ದ. ಒಂದು ತೊಟ್ಟಿಯಲ್ಲಿ ಎರಡಿದ್ದರೆ ಹಬ್ಬದ ದಿನ ಎದುರುಬದುರು ಎರಡು ಮೈಕ್ ಹಾಕಿದ ಹಾಗೆ, ಒಂದರ ಮಿಡಿತಕ್ಕೆ ಇನ್ನೊಂದರದು ಅಡ್ಡ ಬರುತ್ತದೆ. ಸಾಲದ್ದಕ್ಕೆ ಕಚ್ಚಾಡುತ್ತವೆ. ಅವನು ತೋರಿಸಿದ್ದು ಎರಡಡಿಯ ತೊಟ್ಟಿ. ನಾಲ್ಕಿಂಚಿನ ಮರಿ ಮುಂದೆ ಅಡಿ ದಾಟಿ ಬೆಳೆಯುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.