ತೆಗೆದ ಕೊಳೆ ಹೋಗುವುದು ಎಲ್ಲಿಗೆ?

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಲಂಡನ್ನಿನ ಸಂಸತ್ ಭವನದೊಳಕ್ಕೂ ನುಗ್ಗಿದ ಮೇಲೆ, ಎಂಜಿನಿಯರ್ ಜೋಸೆಫ್ ಬಾಜಲ್ಜೆಟ್ ಅವರ ಯೋಜನೆಯಂತೆ ನಗರದಡಿಯಲ್ಲಿ ಒಳಚರಂಡಿಗಳ ದೊಡ್ಡ ಜಾಲವೇ ನಿರ್ಮಾಣವಾಯಿತು. ಕಾಲರಾ ಹಿಮ್ಮೆಟ್ಟಿತು; ಅದು ಸಣ್ಣ ಸಾಧನೆಯಲ್ಲ. ಆದರೆ ಕೊಳಚೆ ಶುದ್ಧವಾಗಲಿಲ್ಲ, ನಗರದ ಪೂರ್ವಕ್ಕೆ ಸಾಗಿ ಅದೇ ನದಿಯ ಕೆಳಹರಿವನ್ನು ಸೇರಿತು. ನೀರಿನಿಂದ ಮಾಲಿನ್ಯವನ್ನು ತೆಗೆಯುವ ಸಂಶೋಧನೆಯ ಪ್ರತಿ ಘಟ್ಟದಲ್ಲೂ, ತೆಗೆದದ್ದು ನಿಜಕ್ಕೂ ಇಲ್ಲವಾಯಿತೋ ಅಥವಾ ಬರೀ ಜಾಗ ಬದಲಿಸಿತೋ ಎಂದು ಕೇಳಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಆ ಪ್ರಶ್ನೆಗೆ ಅರ್ಧ ಉತ್ತರ ಮ್ಯಾಂಚೆಸ್ಟರಿನಲ್ಲಿ ಸಿಕ್ಕಿತು. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೊಳಚೆ ನೀರನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ ಅದರೊಳಗೆ ಗಾಳಿ ಹಾಯಿಸಿದರು. ಅದರಲ್ಲಿದ್ದ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ತಳದಲ್ಲಿ ಕೂತ ಕೆಸರನ್ನು ಅವರು ಚೆಲ್ಲಲಿಲ್ಲ. ಮೇಲಿನ ತಿಳಿಯನ್ನಷ್ಟೇ ಬಸಿದು, ಆ ಕೆಸರಿನ ಮೇಲೆಯೇ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಕೊಟ್ಟರು. ಸರದಿಯಿಂದ ಸರದಿಗೆ ಕೆಸರು ಹೆಚ್ಚುತ್ತ ಹೋದಂತೆ, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ರಲ್ಲಿ ಅವರು ಮಂಡಿಸಿದ ಈ ‘ಆಕ್ಟಿವೇಟೆಡ್ ಸ್ಲಡ್ಜ್’ ವಿಧಾನವೇ ಇಂದಿಗೂ ಜಗತ್ತಿನ ಅಸಂಖ್ಯ ಸಂಸ್ಕರಣಾ ಘಟಕಗಳ ಬೆನ್ನೆಲುಬು. ಇಲ್ಲಿ ಬ್ಯಾಕ್ಟೀರಿಯಾಗಳು ಸಾವಯವ ಕೊಳೆಯ ಒಂದು ಪಾಲನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತವೆ. ಅದು ನಿಜವಾದ ನಾಶ. ಇನ್ನೊಂದು ಪಾಲು ಅವುಗಳ ಮೈಯಾಗಿ ಬೆಳೆದು, ಹೆಚ್ಚುವರಿ ಕೆಸರಾಗಿ ನಮ್ಮ ಕೈಯಲ್ಲೇ ಉಳಿಯುತ್ತದೆ.

ಅದಕ್ಕೆ ಎರಡು ವರ್ಷ ಮೊದಲೇ ಬ್ರಿಟನ್ನಿನ ರಾಯಲ್ ಆಯೋಗ, ಹೊರಬಿಡುವ ನೀರಿನ ಬಿಒಡಿ (ಅದರಲ್ಲಿನ ಸಾವಯವ ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 20 ಮಿಲಿಗ್ರಾಂ ಮತ್ತು ಅದರಲ್ಲಿರುವ ಘನಕಣಗಳು 30 ಮಿಲಿಗ್ರಾಂ ಮೀರಬಾರದೆಂದು ಹೇಳಿತ್ತು. ಈ ಅಳತೆಗೆ ಸಿಗದೆ ಉಳಿದದ್ದು ರಂಜಕ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಕೆನಡಾದ ಒಂದು ಕೆರೆಯನ್ನು ಪರದೆಯಿಂದ ಎರಡಾಗಿ ಭಾಗಿಸಿ, ಒಂದು ಬದಿಗೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಬೆರೆಸಿದಾಗ, ರಂಜಕ ಬಿದ್ದ ಬದಿ ಪಾಚಿಗಟ್ಟಿ ಹಸಿರಾಯಿತು. ಸಾರಜನಕವನ್ನಾದರೆ ಬ್ಯಾಕ್ಟೀರಿಯಾಗಳ ನೆರವಿನಿಂದ ಅನಿಲವಾಗಿಸಿ ಗಾಳಿಗೆ ಬಿಡಬಹುದು. ರಂಜಕಕ್ಕೆ ಅಂಥ ದಾರಿಯಿಲ್ಲ. ಕಬ್ಬಿಣದ ಲವಣ ಹಾಕಿ ಕೂರಿಸಿದರೂ, ಬ್ಯಾಕ್ಟೀರಿಯಾಗಳೇ ಹೀರಿಕೊಂಡರೂ, ಅದು ಸೇರುವುದು ಕೆಸರನ್ನೇ.

ಔಷಧಿಗಳ ಶೇಷ ಇನ್ನೂ ಸೂಕ್ಷ್ಮವಾದ ಸಮಸ್ಯೆ. ಡೈಕ್ಲೋಫೆನಾಕ್‌ನಂಥ ನೋವು ನಿವಾರಕ ಸಾಮಾನ್ಯ ಘಟಕಗಳಲ್ಲಿ ಬಹಳಷ್ಟು ಹಾಗೆಯೇ ಹಾದುಹೋಗುತ್ತದೆ. 2016ರಿಂದ ಸ್ವಿಟ್ಜರ್ಲೆಂಡ್ ಆಯ್ದ ಘಟಕಗಳಿಗೆ ಓಝೋನ್ ಅಥವಾ ಸಕ್ರಿಯ ಇದ್ದಿಲಿನ ಹಂತವನ್ನು ಸೇರಿಸುತ್ತ ಬಂದಿದೆ. ಓಝೋನ್ ಮೂಲ ಅಣುವನ್ನು ಒಡೆಯುತ್ತದೆ, ನಿಜ. ಆದರೆ ಒಡೆದ ತುಣುಕುಗಳೇನಾದವು ಎಂಬುದನ್ನೂ ನೋಡಬೇಕಾಗುತ್ತದೆ, ನೀರಿನಲ್ಲಿ ಬ್ರೋಮೈಡ್ ಇದ್ದರೆ ಹಾನಿಕರವಾದ ಬ್ರೋಮೇಟ್ ಕೂಡ ಹುಟ್ಟಬಹುದು.

ಈ ಪ್ರಶ್ನೆ ಅತ್ಯಂತ ಕಠಿಣವಾಗಿ ಎದುರು ನಿಂತಿರುವುದು, ಪಾತ್ರೆ, ಬಟ್ಟೆಗಳಿಗೆ ನೀರು-ಎಣ್ಣೆ ಅಂಟದಂತೆ ಮಾಡಲು ಬಳಸುವ ಪಿಎಫ್‌ಎಎಸ್ ರಾಸಾಯನಿಕಗಳ ವಿಷಯದಲ್ಲಿ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಎಷ್ಟು ಗಟ್ಟಿಯೆಂದರೆ, ಕೊಳಚೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಸೋಲುತ್ತವೆ. 2024ರಲ್ಲಿ ಅಮೆರಿಕ ಇವುಗಳ ಪೈಕಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ಕುಡಿಯುವ ನೀರಿನಲ್ಲಿ ಲೀಟರಿಗೆ 4 ನ್ಯಾನೊಗ್ರಾಂ ಮಿತಿ ಹಾಕಿತು. ಅಂದರೆ 100 ಕೋಟಿ ಲೀಟರಿನಲ್ಲಿ 4 ಗ್ರಾಂ. ಇದ್ದಿಲು, ರಾಳ, ಪೊರೆ ಇವೆಲ್ಲ ಇವನ್ನು ನೀರಿನಿಂದ ಬೇರ್ಪಡಿಸಬಲ್ಲವು, ನಾಶ ಮಾಡಲಾರವು. ಬಳಸಿದ ಇದ್ದಿಲನ್ನು ಕಸದ ಗುಂಡಿಗೆ ಹಾಕಿದರೆ ಅಲ್ಲಿಂದ ಜಿನುಗುವ ನೀರಿನೊಂದಿಗೆ ಅವು ಹೊರಬರಬಹುದು. ಹೀಗಾಗಿಯೇ ವಿದ್ಯುತ್ ರಾಸಾಯನಿಕ ಉತ್ಕರ್ಷಣೆ (ವಿದ್ಯುತ್ ಹಾಯಿಸಿ ಅಣುಗಳನ್ನು ಒಡೆಯುವುದು) ಮತ್ತು 374 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆಯಲ್ಲಿ ಭಾರೀ ಒತ್ತಡದ ನೀರಿನಲ್ಲಿ ಸುಡುವ ವಿಧಾನಗಳತ್ತ ಸಂಶೋಧಕರು ಹೊರಳಿದ್ದಾರೆ. ಅಲ್ಲಿ ಮೂಲ ರಾಸಾಯನಿಕ ಕಾಣೆಯಾದದ್ದನ್ನೇ ಯಶಸ್ಸೆಂದು ಬರೆದುಕೊಳ್ಳುವಂತಿಲ್ಲ. ಬಿಡುಗಡೆಯಾದ ಫ್ಲೋರೈಡನ್ನು ಅಳೆದು, ಒಳಗೆ ಹೋದ ಫ್ಲೋರಿನ್‌ನೊಂದಿಗೆ ಲೆಕ್ಕ ತಾಳೆ ಮಾಡಬೇಕು.